ಕಾಲು ಹಿಂತೆಗೆದ ಅಬ್ನರ್ ಕೆಲ್ಸಾಲ್

ಬೆಳಗಿನ ಐದಕ್ಕೆ ಇನ್ನೂ ಐದು ನಿಮಿಷವಿದೆ. ಆಶ್‌ಡೆನ್ ಪುರಸಭೆಯ ಸ್ನಾನಗೃಹದ ನೆಲಮಾಳಿಗೆಗೆ ಹದಿನಾಲ್ಕು ಮೆಟ್ಟಿಲು. ಅಬ್ನರ್ ಕೆಲ್ಸಾಲ್ ಮೊದಲು ಎಡಗಾಲು ಇಳಿಸುತ್ತಾರೆ, ಬಲಗಾಲನ್ನು ಅದರ ಪಕ್ಕಕ್ಕೆ ತಂದು ನಿಲ್ಲಿಸುತ್ತಾರೆ, ಮತ್ತೆ ಎಡಗಾಲು. ನಾನು ಹಿಂದೆ ಲಾಂದ್ರ ಹಿಡಿದು ಕಾಯುತ್ತೇನೆ. ಕೆಳಗೆ ಹೋದಮೇಲೆ ಅವರಿಗೆ ಲಾಂದ್ರ ಬೇಕಿಲ್ಲ. ಬಾಯ್ಲರಿನ ಬಾಗಿಲು ತೆರೆದು ಉದ್ದನೆಯ ಸಲಾಕೆಯಿಂದ ಬೂದಿ ಕೆದಕುತ್ತಾರೆ. ರಾತ್ರಿಯೆಲ್ಲ ಮುಸುಕು ಹಾಕಿಕೊಂಡು ಮಲಗಿದ್ದ ಕೆಂಡ ಕಣ್ಣು ಬಿಡುತ್ತದೆ. ಆಮೇಲೆ ಸಲಿಕೆ. ಒಂದು ಎಸೆತ, ಒಂದು ಉಸಿರು. ಒಂದು ಎಸೆತ, ಒಂದು ಉಸಿರು.

"ತಿನ್ಸೋದ್ರಲ್ಲಿ ಅವಸರ ಮಾಡ್ಬಾರ್ದು," ಎನ್ನುತ್ತಾರೆ ನನ್ನತ್ತ ತಿರುಗದೆ. "ಒಂದೇ ಸಲ ತುರುಕಿದ್ರೆ ಹೊಗೆ ಉಗುಳುತ್ತೆ ಅಷ್ಟೆ, ನೀರು ಕಾಯಲ್ಲ. ಮಕ್ಕಳಿಗೆ ಉಣ್ಸಿದ ಹಂಗೆ ಉಣ್ಸ್ಬೇಕು."

ದಿನಕ್ಕೆ ಒಂದೂವರೆ ಟನ್ ಕಲ್ಲಿದ್ದಲು ಈ ಎರಡು ಕೈಗಳ ಮೇಲೆ ಹಾದುಹೋಗುತ್ತದೆ. ಮೇಲೆ ಇಪ್ಪತ್ತನಾಲ್ಕು ಸ್ನಾನದ ತೊಟ್ಟಿಗಳು, ಮೂವತ್ತಾರು ಬಟ್ಟೆ ಒಗೆಯುವ ಕಟ್ಟೆಗಳು, ಇಪ್ಪತ್ತೈದು ಗಜ ಉದ್ದದ ಈಜುಕೊಳ. ಶನಿವಾರವೊಂದರಲ್ಲೇ ಮುನ್ನೂರು ಜನ ಇಲ್ಲಿ ಮೈ ತೊಳೆಯುತ್ತಾರೆ. ಗಿರಣಿಯ ಹತ್ತಿಧೂಳು, ಗಣಿಯ ಮಸಿ, ವಾರದ ಬೆವರು ಎಲ್ಲವೂ ಅಬ್ನರ್ ಕಾಯಿಸಿದ ನೀರಿನಲ್ಲಿ ಹರಿದು ಚರಂಡಿ ಸೇರುತ್ತವೆ. ಒಂಬತ್ತು ವರ್ಷಗಳಲ್ಲಿ ಒಂದೇ ಒಂದು ಬೆಳಗ್ಗೆ ನೀರು ತಣ್ಣಗಿತ್ತಂತೆ. ಅದು ಅವರ ತಾಯಿ ತೀರಿಕೊಂಡ ದಿನ.

ಆರು ಗಂಟೆಗೆ ಹೆಂಗಸರು ಬರತೊಡಗುತ್ತಾರೆ. ಮರದ ಪಾದುಕೆಗಳ ಟಕಟಕ ಸದ್ದು, ಹಳೆಯ ತಳ್ಳುಗಾಡಿಗಳಲ್ಲಿ ಗುಡ್ಡೆ ಹಾಕಿದ ಮೈಲಿಗೆ ಬಟ್ಟೆ. ನೆಲದ ಜಾಲರಿಗೆ ಬಾಯಿಟ್ಟು ಒಬ್ಬಾಕೆ ಕೂಗುತ್ತಾಳೆ. ಅವಳು ಬೆಸ್ಸಿ ಕ್ರಾಂಕ್‌ಷಾ, ಏಳು ಮಕ್ಕಳ ತಾಯಿ, ಈ ಕಟ್ಟೆಗಳ ಮಹಾರಾಣಿ.

"ಏನ್ ಅಬ್ನರ್, ನೀರು ಇನ್ನೂ ಕಾಲುವೆ ನೀರಿನಂಗಿದೆ! ಇಲ್ಲೂ ಕಾಲು ಹಿಂದಕ್ಕೆ ತಗೊಂಡ್ಯಾ ಹೆಂಗೆ?"

ಮೇಲೆ ನಗು. ಅಬ್ನರ್ ಸಲಿಕೆ ನಿಲ್ಲಿಸುವುದಿಲ್ಲ. "ನಿನ್ ಬಾಯಿ ಕಾದಿದ್ಯಲ್ಲ ಬೆಸ್ಸಿ, ಅದ್ರಲ್ಲೇ ಒಕ್ಕೊ!"

ಇನ್ನಷ್ಟು ನಗು. ಬೆಸ್ಸಿಯ ಮಾತಿಗೆ ಈಗ ಹತ್ತೊಂಬತ್ತು ವರ್ಷ ವಯಸ್ಸು. ನಮ್ಮೂರಿನಲ್ಲಿ ಮೂವತ್ತು ದಾಟಿದವರೆಲ್ಲರಿಗೂ ಅದು ಗೊತ್ತು. ಆಶ್‌ಡೆನ್ ಟೌನ್ ಫುಟ್‌ಬಾಲ್ ತಂಡ ಒಮ್ಮೆ ಕಪ್ ಸೆಮಿಫೈನಲ್ ತನಕ ಹೋಗಿತ್ತು, ಒಂದೇ ಒಂದು ಸಲ. ಅಲ್ಲಿ ಕೆಲ್ಸಾಲ್ ಕಾಲು ಹಿಂದಕ್ಕೆ ತೆಗೆದ, ನಾವು ಸೋತೆವು. ಅಷ್ಟೇ ಕತೆ. ಕ್ಲಬ್ಬಿನ ಗೋಡೆಯ ಮೇಲೆ ಹಳೆಯ ಆಟಗಾರರ ಇಪ್ಪತ್ತೆರಡು ಪಟಗಳಿವೆ. ಹನ್ನೊಂದು ವರ್ಷ ಎಡಗಡೆಯ ಬ್ಯಾಕ್ ಆಗಿ ಆಡಿದ ಮನುಷ್ಯನ ಪಟ ಅಲ್ಲಿಲ್ಲ. ಆ ಕತೆಯ ಮುಂಚಿನ ಅರ್ಧವನ್ನು ಕೇಳಿದವರು ಕಡಿಮೆ. ಅದಕ್ಕೇ ನಾನು ಪತ್ರಿಕೆಗೆ ಬರೆಯಲೆಂದು ಈ ವಾರ ನಾಲ್ಕು ಬೆಳಗ್ಗೆ ಆ ಹದಿನಾಲ್ಕು ಮೆಟ್ಟಿಲು ಇಳಿದೆ.

ಅಬ್ನರ್ ಹುಟ್ಟಿದ್ದು ಇಲ್ಲೇ, ಗ್ಯಾಸ್ ಕಾರ್ಖಾನೆಯ ಹಿಂದಿನ ಸಾಲುಮನೆಗಳಲ್ಲಿ. ಹತ್ತನೇ ವಯಸ್ಸಿಗೆ ಅರ್ಧ ದಿನ ಶಾಲೆ, ಅರ್ಧ ದಿನ ಗಿರಣಿ. "ಶಾಲೇಲಿ ನಿದ್ದೆ ಮಾಡ್ತಿದ್ದೆ, ಗಿರಣೀಲಿ ಲೆಕ್ಕ ಕಲ್ತೆ," ಎನ್ನುತ್ತಾರೆ. ಮಧ್ಯಾಹ್ನದ ಬಿಡುವಿನಲ್ಲಿ ಗಿರಣಿಯ ಅಂಗಳದ ಕಲ್ಲುಹಾಸಿನ ಮೇಲೆ, ಚಿಂದಿ ತುಂಬಿದ ಚೆಂಡಿನಲ್ಲಿ, ಮರದ ಪಾದುಕೆ ಹಾಕಿಕೊಂಡೇ ಆಟ. ಇಪ್ಪತ್ತೊಂದನೇ ವಯಸ್ಸಿನಲ್ಲಿ, ಸಾವಿರದ ಒಂಬೈನೂರ ಮೂರರಲ್ಲಿ, ಟೌನ್ ತಂಡ ಅವರನ್ನು ಕರೆಯಿತು. ಮೊದಲ ಸಲ ನಿಜವಾದ ಬೂಟು ಹಾಕಿದಾಗ ಕಾಲಿಗೆ ಏನೂ ಭಾರವೇ ಇಲ್ಲವೆನ್ನಿಸಿ ಚೆಂಡನ್ನು ಎರಡು ಸಲ ಮೈದಾನದ ಗೋಡೆಯಾಚೆ ಒದ್ದರಂತೆ.

ಅವರು ದೊಡ್ಡ ಆಟಗಾರರಾಗಿರಲಿಲ್ಲ; ಇದನ್ನು ಅವರೇ ಹೇಳುತ್ತಾರೆ. ಓಟದಲ್ಲಿ ನಿಧಾನ. ಆದರೆ ಎದುರಾಳಿ ಎತ್ತ ಹೊರಳುತ್ತಾನೆಂದು ಅವನಿಗಿಂತ ಮೊದಲೇ ಇವರಿಗೆ ತಿಳಿಯುತ್ತಿತ್ತು. ಮಳೆಯಲ್ಲಿ ನೆನೆದು ಕಲ್ಲಾದ ಚೆಂಡನ್ನು ಹಣೆಯಿಂದ ಹೊಡೆದು ಹಿಂದಿರುಗಿಸುತ್ತಿದ್ದರು. ಚೆಂಡಿನ ಹೊಲಿಗೆಯ ಗುರುತು ಇಂದಿಗೂ ಹುಬ್ಬಿನ ಮೇಲಿದೆ. ಟೌನ್ ಜನಕ್ಕೆ ಅವರೆಂದರೆ ಬಾಗಿಲಿಗೆ ಹಾಕಿದ ಅಗುಳಿ. ಹೊಗಳುತ್ತಿರಲಿಲ್ಲ, ಆದರೆ ಇದೆ ಎಂಬ ಧೈರ್ಯದಲ್ಲಿ ಮಲಗುತ್ತಿದ್ದರು.

ಒಂಬೈನೂರ ಒಂಬತ್ತರ ಕ್ರಿಸ್‌ಮಸ್ ಬೆಳಗ್ಗೆ ಮಾರ್ಬೆಕ್ ರೋವರ್ಸ್ ನಮ್ಮೂರಿಗೆ ಬಂದರು. ಮಾರ್ಬೆಕ್ ಮೂರು ಮೈಲಿ ದೂರ. ಆ ಮೂರು ಮೈಲಿಯ ನಡುವೆ ಇರುವಷ್ಟು ಹಗೆ ಎರಡು ದೇಶಗಳ ನಡುವೆಯೂ ಇರಲಾರದು. ನೆಲ ಹಿಮಗಟ್ಟಿ ಕಬ್ಬಿಣವಾಗಿತ್ತು. ಹನ್ನೆರಡು ಸಾವಿರ ಜನ ಸೇರಿದ್ದರು. ಅವರಲ್ಲಿ ನಾನೂ ಒಬ್ಬ, ಹದಿನೇಳು ವರ್ಷದವನು, ಆಗಷ್ಟೇ ಪತ್ರಿಕೆಯ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸಲು ಕಲಿಯುತ್ತಿದ್ದೆ.

ಮಾರ್ಬೆಕ್ ತಂಡದ ಬಲಗಡೆಯ ತುದಿಯಲ್ಲಿ ಆಡುತ್ತಿದ್ದವರು ಜೇಬೆಝ್ ಪಿಲಿಂಗ್. ಇಪ್ಪತ್ತೆರಡು ವರ್ಷ, ತೆಳ್ಳನೆಯ ಆಳು, ಓಡಿದರೆ ಗಾಳಿ. ಅಂದು ಅವರು ಅಬ್ನರ್ ಕಾಲುಗಳ ಮಧ್ಯದಿಂದಲೇ ಎರಡು ಸಲ ಚೆಂಡು ತೂರಿಸಿ ದಾಟಿಹೋದರು. ಎರಡನೆಯ ಸಲ ನಮ್ಮ ಜನವೇ ನಕ್ಕಿತು. ಜೇಬೆಝ್ ಹಿಂತಿರುಗಿ ಕೂಗಿದ್ದು ಸುತ್ತಲಿನವರಿಗೆಲ್ಲ ಕೇಳಿಸಿತು. "ಅಜ್ಜಾ, ಗೇಟು ಮುಚ್ಕೊಳೋ! ದನ ನುಗ್ತಾವೆ!"

ಮೂರನೆಯ ಸಲ ಜೇಬೆಝ್ ಬಂದಾಗ ಅಬ್ನರ್ ನುಗ್ಗಿದರು. ಒಣ ಕಟ್ಟಿಗೆ ಮುರಿದಂತೆ ಒಂದು ಸದ್ದಾಯಿತು. ತೀರ್ಪುಗಾರ ಸೀಟಿ ಊದಲಿಲ್ಲ. ಚೆಂಡು ಗೆರೆ ದಾಟಿ ಹೊರಗುರುಳಿತು. ಜೇಬೆಝ್ ನೆಲದ ಮೇಲಿದ್ದರು, ಅವರ ಬಲಗಾಲು ತಿರುಗಬಾರದ ಕಡೆಗೆ ತಿರುಗಿತ್ತು. ನಾವು ಹುರ್ರೇ ಎಂದು ಕೂಗಿದೆವು. ಇದನ್ನು ಬರೆಯಲು ನನಗೆ ನಾಚಿಕೆ. ಆದರೆ ಬರೆಯದಿದ್ದರೆ ಈ ಕತೆ ಸುಳ್ಳಾಗುತ್ತದೆ. ನಾನು ಟೋಪಿ ಮೇಲೆಸೆದಿದ್ದೆ.

ಮೂಳೆ ಚರ್ಮ ಸೀಳಿ ಹೊರಬಂದಿತ್ತು. ಹತ್ತು ದಿನದಲ್ಲಿ ಕೀವಾಯಿತು. ಹೊಸ ವರ್ಷದ ಮೊದಲ ವಾರ ವೈದ್ಯರು ಜೇಬೆಝ್ ಅವರ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು.

ಅದಾದ ಮೊದಲ ಗುರುವಾರ ಅಬ್ನರ್ ಆಸ್ಪತ್ರೆಗೆ ಹೋದರು. ಜೇಬೆಝ್ ತಲೆದೆಸೆಯಲ್ಲಿದ್ದ ಗಂಜಿಯ ಬಟ್ಟಲೆತ್ತಿ ಎಸೆದರು. ಎರಡನೆಯ ಗುರುವಾರ ಗೋಡೆಯತ್ತ ಹೊರಳಿ ಮಲಗಿದರು. ಮೂರನೆಯ ಗುರುವಾರ ಅಬ್ನರ್ ಕುರ್ಚಿ ಎಳೆದುಕೊಂಡು ಆ ಬೆನ್ನಿಗೇ ಮಾತಾಡಿದರು. ಇದನ್ನು ನನಗೆ ಹೇಳುವಾಗ ಅವರು ಸಲಿಕೆಯನ್ನು ಗೋಡೆಗೆ ಒರಗಿಸಿದರು. ಅದುವರೆಗೆ ಮಾತಿಗಾಗಿ ಅವರು ಕೆಲಸ ನಿಲ್ಲಿಸಿರಲಿಲ್ಲ.

"ಎಲ್ರೂ ಕೇಳ್ದಾಗ ಬಾಲಿಗೇ ಹೋಗಿದ್ದೆ ಅಂತಿದ್ದೆ. ಕ್ಲಬ್ಬಿನೋರಿಗೂ ಅದೇ, ಚರ್ಚಿನಲ್ಲೂ ಅದೇ. ಮನೇಲಿ ಹೆಂಡ್ತಿಗೂ ಅದೇ ಹೇಳ್ದೆ. ಅವತ್ತು ಅವ್ನಿಗೆ ನಿಜ ಹೇಳ್ದೆ. ಬಾಲು ಹೋಗಾಗಿತ್ತು ಕಣಪ್ಪಾ, ಅದು ಹೋಗಿದ್ದು ನಂಗೆ ಕಂಡಿತ್ತು. ಕಾಲು ಹಿಂದಕ್ಕೆ ತಗೊಳ್ಳಕ್ಕೆ ಟೈಮಿತ್ತು. ನಗ್ತಿದ್ರಲ್ಲ ಜನ, ಆ ಸಿಟ್ಟಿಗೆ ತಗೊಳ್ಳಿಲ್ಲ. ಹಂಗಂದೆ."

ಜೇಬೆಝ್ ಏನೆಂದರು?

"ಗೋಡೆ ಕಡೇನೇ ನೋಡ್ಕೊಂಡು, 'ಗೊತ್ತು. ನಾನೂ ಅಲ್ಲೇ ಇದ್ನಲ್ಲ' ಅಂದ. ಅಷ್ಟೆ. ನಾಲ್ಕನೇ ಗುರುವಾರ ಹೋದಾಗ, 'ಕಿತ್ತಲೆ ತಂದಿದ್ಯಾ, ಇಲ್ಲ ಬರೀ ಪಾಪ ಹೊತ್ಕೊಂಡು ಬಂದಿದ್ಯಾ?' ಅಂದ."

ವಸಂತ ಬಂತು. ಮಾರ್ಬೆಕ್ ಕ್ಲಬ್ಬು ಜೇಬೆಝ್ ಅವರನ್ನು ಪಟ್ಟಿಯಿಂದ ತೆಗೆಯಿತು. ಒಂದು ಕಾಲಿನ ನೇಕಾರನಿಗೆ ಗಿರಣಿಯಲ್ಲೂ ಮಗ್ಗವಿಲ್ಲ. ಅದೇ ವಸಂತದಲ್ಲಿ ನಮ್ಮ ಕ್ಲಬ್ಬು ಅಬ್ನರ್ ಅವರಿಗೆ ಸಹಾಯಾರ್ಥ ಪಂದ್ಯವೊಂದನ್ನು ಕೊಟ್ಟಿತು. ಹಾಗೆಂದರೆ, ವರ್ಷಗಟ್ಟಲೆ ನಿಷ್ಠೆಯಿಂದ ಆಡಿದವನಿಗಾಗಿ ಒಂದು ದಿನ ಆಟ. ಅಂದು ಬಾಗಿಲಲ್ಲಿ ಸೇರಿದ ಹಣವೆಲ್ಲ ಅವನದು. ಆಟಗಾರನ ಬಾಳಿನಲ್ಲಿ ಅಂಥ ದಿನ ಒಂದೇ. ಅಬ್ನರ್ ಮತ್ತು ಅವರ ಹೆಂಡತಿ ಸಲೀನಾ ಆ ದಿನವನ್ನು ನೆಚ್ಚಿಕೊಂಡೇ ಮದುವೆಯಾದವರು. ಸಲೀನಾ ಗಿರಣಿಯಲ್ಲಿ ನಾಲ್ಕು ಮಗ್ಗ ನಡೆಸುತ್ತಿದ್ದರು. ಆ ಸದ್ದಿಗೆ ಆಗಲೇ ಕಿವಿ ಮಂದವಾಗತೊಡಗಿತ್ತು. ಕಾಲುವೆ ಬೀದಿಯ ಮೂಲೆಯಲ್ಲಿ ಹುರಿದ ಮೀನಿನ ಅಂಗಡಿಯೊಂದು ಮಾರಾಟಕ್ಕಿತ್ತು. ಅದನ್ನು ಕೊಂಡು ಗಿರಣಿ ಬಿಡುವುದೆಂದು ಆಕೆ ಲೆಕ್ಕ ಹಾಕಿದ್ದರು. ಕಿಟಕಿಗೆ ಪರದೆಯ ಬಟ್ಟೆಯನ್ನೂ ಹೊಲಿದಿಟ್ಟಿದ್ದರು.

ಅಬ್ನರ್ ಕ್ಲಬ್ಬಿನ ಅಧ್ಯಕ್ಷರ ಮುಂದೆ ನಿಂತು, ಆ ಪಂದ್ಯವನ್ನು ಜೇಬೆಝ್ ಪಿಲಿಂಗ್ ಹೆಸರಿನಲ್ಲಿ ಆಡಿಸಿ ಎಂದರು. ಅಧ್ಯಕ್ಷರು ಗಿರಣಿಯ ಧಣಿ, ಗ್ರಿಮ್‌ಷಾ ಅಂತ. ಅವರು ಚುಟ್ಟಾ ಕೆಳಗಿಟ್ಟು ಹೇಳಿದರಂತೆ: "ಅಲ್ಲಯ್ಯಾ, ಆಶ್‌ಡೆನ್ ಜನ ಚಳೀಲಿ ನಿಂತು ಮಾರ್ಬೆಕ್‌ನೋನಿಗೆ ದುಡ್ಡು ಹಾಕ್ಬೇಕಾ? ನಿಂಗೇನ್ ತಲೆ ಕೆಟ್ಟಿದ್ಯಾ? ಬೇಕಾದ್ರೆ ನಿನ್ ಹೆಸರಲ್ಲಿ ತಗೊ, ಆಮೇಲೆ ಹೊಳೇಗಾದ್ರೂ ಹಾಕು."

ಅಬ್ನರ್ ಹಾಗೇ ಮಾಡಿದರು. ಪಂದ್ಯ ಅವರ ಹೆಸರಿನಲ್ಲೇ ನಡೆಯಿತು, ಹಣ ಜೇಬೆಝ್ ಪಾಲಾಯಿತು. ಆದರೆ ಅದಕ್ಕೆ ಮೊದಲು ಸಲೀನಾಗೆ ಹೇಳಬೇಕಿತ್ತಲ್ಲ.

ಮುಂದಿನದನ್ನು ನಾನು ಸಲೀನಾ ಬಾಯಿಂದಲೇ ಕೇಳಿದೆ, ಅವರ ಅಡುಗೆಮನೆಯಲ್ಲಿ, ಕಪ್ಪನೆಯ ಚಹಾ ಕುಡಿಯುತ್ತಾ. ಅವರ ಕಿವಿ ಈಗ ಪೂರ್ತಿ ಹೋಗಿದೆ. ಎದುರಿನವರ ತುಟಿ ನೋಡಿ ಉತ್ತರ ಕೊಡುತ್ತಾರೆ. ಗಿರಣಿಯ ಹೆಂಗಸರೆಲ್ಲರಂತೆ ಬಾಯಿ ಅಗಲಿಸಿ ಮಾತಾಡುತ್ತಾರೆ.

"ಹೇಳ್ದ. ಕಾಲು ಹಿಂದಕ್ಕೆ ತಗೊಳ್ಳಕ್ಕೆ ಟೈಮಿತ್ತು ಅನ್ನೋದ್ನೂ ಹೇಳ್ದ. ಅಂಗಡಿ ಹೋಯ್ತು ಅನ್ನೋದಕ್ಕಿಂತ, ಮೂರು ತಿಂಗ್ಳು ನಂಗೆ ಸುಳ್ಳು ಹೇಳಿದ್ನಲ್ಲ ಅಂತ ಉರೀತು. ಒಂಬತ್ ದಿನ ಮಾತಾಡ್ಲಿಲ್ಲ ನಾನು. ಬ್ರೆಡ್ಡು ಮಾಡಿ ಮೇಜಿನ್ ಮೇಲೆ ಕುಕ್ತಿದ್ದೆ. ಹತ್ತನೇ ದಿನ ಗಿರಣಿಯಿಂದ ಬರ್ತಾ ಆ ಮೂಲೆ ಅಂಗಡಿ ಕಿಟಕೀಲಿ ಇಣುಕಿ ನೋಡ್ದೆ. ಕೌಂಟರ್ ಹಿಂದೆ ಒಂದು ಎತ್ತರದ ಬೆಂಚಿತ್ತು. ಮನೆಗ್ ಬಂದು ಇವ್ನಿಗೆ ಹೇಳ್ದೆ, 'ಕೊಡ್ಸೋದಾದ್ರೆ ಅದೇ ಅಂಗಡಿ ಕೊಡ್ಸು. ಬೇರೆ ಕಡೆ ಅವ್ನು ದಿನಾ ನಿಂತ್ಕೊಂಡು ಸಾಯ್ಬೇಕು. ಅಲ್ಲಾದ್ರೆ ಕೂತು ಹುರೀಬಹುದು.'"

ಪರದೆಗಳು ಏನಾದವು ಎಂದು ಕೇಳಿದೆ.

"ಅದ್ನೂ ಕೊಟ್ಟೆ. ಅಳತೆ ಆ ಕಿಟಕೀದೇ ಅಲ್ವಾ? ನಾನಿಟ್ಕೊಂಡು ಏನ್ ಮಾಡ್ಲಿ?"

ಹೀಗೆ ಮಾರ್ಬೆಕ್‌ನ ಜೇಬೆಝ್ ಪಿಲಿಂಗ್ ಆಶ್‌ಡೆನ್‌ನ ಕಾಲುವೆ ಬೀದಿಗೆ ಬಂದು ಕುಳಿತರು. ಮೊದಲ ತಿಂಗಳು ಒಬ್ಬ ಗಿರಾಕಿಯೂ ಬರಲಿಲ್ಲ. ಶತ್ರು ಊರಿನವನ ಕೈಯಲ್ಲಿ ಮೀನು ತಿನ್ನುವುದೇ? ಸಲೀನಾ ಪ್ರತಿ ಸಂಜೆ ಗಿರಣಿ ಬಿಟ್ಟೊಡನೆ ಬಟ್ಟಲು ಹಿಡಿದು ಆ ಬಾಗಿಲಲ್ಲಿ ನಿಂತರು. ಮೀನು ಕೊಂಡಮೇಲೂ ನಿಂತಿರುತ್ತಿದ್ದರು. ಹೋಗಿಬರುವ ಪ್ರತಿಯೊಬ್ಬ ನೇಯುವ ಹೆಂಗಸೂ ಅವರನ್ನು ದಾಟಿಯೇ ಹೋಗಬೇಕಿತ್ತು. "ಏನಮ್ಮಾ ಸಲೀನಾ, ಅವ್ನ ಮೀನು ಅಷ್ಟು ರುಚೀನಾ?" ಎಂದು ಒಬ್ಬಳು ಕೇಳಿದಾಗ, "ಇಲ್ಲ, ಹಿಟ್ಟು ಗಟ್ಟಿ. ನೀನೂ ಬಂದು ಬೈದ್ರೆ ಕಲೀತಾನೆ" ಅಂದರಂತೆ. ಬೈಯಲು ಸಿಗುವ ಅವಕಾಶವನ್ನು ನಮ್ಮೂರಿನವರು ಯಾವತ್ತೂ ಬಿಟ್ಟವರಲ್ಲ. ಬೇಸಿಗೆ ಮುಗಿಯುವುದರೊಳಗೆ ಅಲ್ಲಿ ಸಾಲು ಬೀದಿಯ ತಿರುವಿನವರೆಗೆ ಬಂತು. ಸಲೀನಾ ಗಿರಣಿಯಲ್ಲೇ ಉಳಿದರು, ಮತ್ತೆ ಹದಿನೆಂಟು ವರ್ಷ.

ಇನ್ನು ಸೆಮಿಫೈನಲ್. ಒಂಬೈನೂರ ಹನ್ನೆರಡರ ಮಾರ್ಚ್. ಅರ್ಧ ಊರು ಮ್ಯಾಂಚೆಸ್ಟರ್ ರೈಲು ಹತ್ತಿತ್ತು. ನನಗೆ ಹೋಗಲಾಗಲಿಲ್ಲ, ಆ ಸಂಜೆಯ ಪತ್ರಿಕೆಗೆ ಮೊಳೆ ಜೋಡಿಸುವ ಸರದಿ ನನ್ನದು. ಎದುರಾಳಿ ಹಾರ್ಟ್‌ವೆಲ್ ತಂಡ. ಆಟ ಮುಗಿಯಲು ಎಂಟು ನಿಮಿಷವಿದ್ದಾಗ ಎರಡೂ ಕಡೆ ಒಂದೊಂದು ಗೋಲು. ಆಗ ನಮ್ಮವರ ತಲೆಯ ಮೇಲಿಂದ ಚೆಂಡೊಂದು ಹಾರಿ ಬಂತು. ಹಾರ್ಟ್‌ವೆಲ್ ತಂಡದ ಪರ್ಕಿಸ್ ಎಂಬ ಹತ್ತೊಂಬತ್ತು ವರ್ಷದ ತರುಣ ಅದರ ಬೆನ್ನು ಹತ್ತಿದ. ಅವನ ಮತ್ತು ನಮ್ಮ ಗೋಲಿನ ನಡುವೆ ಇದ್ದವರು ಅಬ್ನರ್ ಒಬ್ಬರೇ.

"ಓರೆಯಾಗಿ ಬಂದೆ. ಕಾಲು ಬೀಸಾಗಿತ್ತು," ಅಬ್ನರ್ ಬಲಗೈ ಬೆರಳುಗಳಿಂದ ಎಡ ಅಂಗೈ ಮೇಲೆ ತೋರಿಸುತ್ತಾರೆ. "ಅವ್ನು ಬಾಲನ್ನ ಅರ್ಧ ಅಡಿ ಮುಂದಕ್ಕೆ ತಳ್ಳಿಬಿಟ್ಟ. ತಡ ಆಯ್ತು ಅಂತ ಗೊತ್ತಾಯ್ತು. ಮುಂದೆ ಅವ್ನ ಮೊಣಕಾಲಿನ ಕೆಳಗಿನ ಮೂಳೆ ಒಂದೇ ಇತ್ತು. ಅವತ್ತಿನ ಥರಾನೇ. ಅಷ್ಟೇ ಟೈಮು."

ಅವರು ಕಾಲನ್ನು ಹಿಂದಕ್ಕೆ ಸೆಳೆದುಕೊಂಡರು. ಬೀಸಿದ ಕಾಲನ್ನು ನಡುವಿನಲ್ಲಿ ತಡೆದದ್ದಕ್ಕೆ ಎಡ ಮೊಣಕಾಲಿನೊಳಗೆ ಏನೋ ಹರಿಯಿತು. ಮೆಟ್ಟಿಲಿಳಿಯುವಾಗ ಇಂದಿಗೂ ಸಂಗಾತಿಯಾಗಿರುವ ನೋವು ಅದೇ. ಪರ್ಕಿಸ್ ಮುಂದೆ ಓಡಿ ಗೋಲು ಹೊಡೆದ. ಮೂವತ್ತು ಸಾವಿರ ಜನ ನೋಡಿದರು: ಕೆಲ್ಸಾಲ್ ಕಾಲು ಚಾಚಿದ, ಆಮೇಲೆ ಹೆದರಿ ಎಳೆದುಕೊಂಡ.

ಹಿಂತಿರುಗುವ ರೈಲಿನಲ್ಲಿ ಅವರ ಡಬ್ಬಿಯಲ್ಲಿ ಯಾರೂ ಕೂರಲಿಲ್ಲ. ಸೋಮವಾರ ಗಿರಣಿಯಲ್ಲಿ ಸಲೀನಾ ಮಗ್ಗದ ಮೇಲೆ ಯಾರೋ ಹೇಡಿತನದ ಗುರುತಾಗಿ ಬಿಳಿ ಗರಿ ಸಿಕ್ಕಿಸಿಟ್ಟಿದ್ದರು. ಪಕ್ಕದ ಮಗ್ಗದವಳು ನಕ್ಕಾಗ ಸಲೀನಾ ಕೊಟ್ಟ ಉತ್ತರವನ್ನು ಬೆಸ್ಸಿ ಕ್ರಾಂಕ್‌ಷಾ ಇಂದಿಗೂ ಅಭಿನಯಿಸಿ ತೋರಿಸುತ್ತಾಳೆ: "ನನ್ ಗಂಡ ಸೋತಿದ್ದು ಒಂದೇ ಶನಿವಾರ ಕಣೇ. ನಿನ್ ಗಂಡ ಪ್ರತಿ ಶನಿವಾರ ಸೋಲ್ತಾನೆ, ಅದೂ ಹೆಂಡದಂಗಡಿ ಬಾಗಿಲಲ್ಲಿ!"

ಸೆಮಿಫೈನಲ್ ದಿನ ಸಂಜೆ ನಮ್ಮ ಪತ್ರಿಕೆಯ ತಲೆಬರಹ: ಕೆಲ್ಸಾಲ್ ಹೆದರಿದ, ಆಶ್‌ಡೆನ್ ಸೋತಿತು. ಆ ಮೊಳೆಗಳನ್ನು ಒಂದೊಂದಾಗಿ ಆಯ್ದು ಜೋಡಿಸಿದ ಕೈ ನನ್ನದು. ಹತ್ತೊಂಬತ್ತು ವರ್ಷ ಇದನ್ನು ಅವರಿಗೆ ಹೇಳಿರಲಿಲ್ಲ. ಮೊನ್ನೆ ಮಂಗಳವಾರ ಬಾಯ್ಲರಿನ ಮುಂದೆ ಹೇಳಿದೆ. ಕ್ರಿಸ್‌ಮಸ್ ದಿನ ಟೋಪಿ ಎಸೆದದ್ದನ್ನೂ ಹೇಳಿದೆ.

ಅಬ್ನರ್ ನನ್ನತ್ತ ತಿರುಗಿದರು. "ಒಂದ್ ಅಕ್ಷರಾನೂ ತಪ್ಪಿರ್ಲಿಲ್ಲ ಬಿಡು. ಸಲೀನಾ ಓದಿ ನೋಡಿದ್ಲು." ಆಮೇಲೆ ಸಲಿಕೆಯನ್ನು ನನ್ನ ಕೈಗೆ ಕೊಟ್ಟರು. "ತಗೊ. ಇಪ್ಪತ್ ಎಸೆತ ಹಾಕು. ಮನಸ್ಸಿಗೆ ಹಗುರ ಆಗುತ್ತೆ." ಹನ್ನೆರಡಕ್ಕೇ ನನ್ನ ಸೊಂಟ ಬಿತ್ತು. ಅವರು ಹೊಟ್ಟೆ ಹಿಡಿದು ನಕ್ಕರು.

ಆಗಲೇ ನಿಜ ಹೇಳಬಹುದಿತ್ತಲ್ಲ, ಹೆದರಲಿಲ್ಲವೆಂದು? ಕೇಳಿದೆ.

"ಏನಂತ ಹೇಳ್ಲಿ? ಈ ಸಲ ಯಾಕೆ ತಗೊಂಡೆ ಅಂದ್ರೆ, ಹಿಂದಿನ್ ಸಲ ಯಾಕೆ ತಗೊಳ್ಳಿಲ್ಲ ಅಂತ ಹೇಳ್ಬೇಕಾಗ್ತಿತ್ತು. ಜನ ಆ ಸಲದ್ದಕ್ಕೆ ಬೆನ್ ತಟ್ಟಿದ್ರು, ಈ ಸಲದ್ದಕ್ಕೆ ಉಗಿದ್ರು. ಎರಡೂ ಸೇರ್ಸಿದ್ರೆ ಸಮ ಆಗೋಯ್ತು." ನನ್ನ ಕೈಯಿಂದ ಸಲಿಕೆ ತೆಗೆದುಕೊಂಡು ಸೇರಿಸಿದರು: "ಪರ್ಕಿಸ್ ಗೋಲ್ ಹೊಡ್ದು ಓಡ್ತಾ ಇದ್ದ. ನಾನ್ ನೆಲದ್ ಮೇಲೆ ಬಿದ್ಕೊಂಡು ಅವ್ನ ಎರಡ್ ಕಾಲೂ ನೋಡ್ತಾ ಇದ್ದೆ. ಚೆನ್ನಾಗ್ ಓಡ್ತಿದ್ದ."

ಅದಾದಮೇಲೆ ಎರಡು ವರ್ಷ ಕ್ಲಬ್ಬು ಅವರನ್ನು ಎರಡನೇ ತಂಡದಲ್ಲಿಟ್ಟುಕೊಂಡು ಕೈಬಿಟ್ಟಿತು. ಯುದ್ಧ ಬಂದಾಗ ಮೊಣಕಾಲು ನೋಡಿ ಸೈನ್ಯ ಬೇಡವೆಂದಿತು. ಮದ್ದುಗುಂಡಿನ ಕಾರ್ಖಾನೆಯ ಬಾಯ್ಲರಿಗೆ ಹಾಕಿದರು. ಕೆಲಸ ಅಲ್ಲಿ ಕಲಿತದ್ದು. ಯುದ್ಧ ಮುಗಿದು ನಾಲ್ಕು ವರ್ಷಕ್ಕೆ ಪುರಸಭೆ ಸ್ನಾನಗೃಹಕ್ಕೆ ಆಳು ಬೇಕೆಂದಿತು. ಸಂದರ್ಶನದಲ್ಲಿ ಸದಸ್ಯರೊಬ್ಬರು, "ಇವ್ನು ಸಲಿಕೆಯಾದ್ರೂ ಪೂರ್ತಿ ಬೀಸ್ತಾನಾ?" ಎಂದು ನಗಿಸಿದರಂತೆ. ಬೀಸಿದರು. ಇನ್ನೂ ಬೀಸುತ್ತಿದ್ದಾರೆ.

ಗುರುವಾರ ನನ್ನ ಕೊನೆಯ ಬೆಳಗ್ಗೆ. ಆರೂ ಕಾಲಿಗೆ ಹಿಂಬಾಗಿಲು ತಟ್ಟಿದ ಸದ್ದಾಗುತ್ತದೆ. ಅಬ್ನರ್ ಕೈ ಒರೆಸಿಕೊಂಡು ಆ ಹದಿನಾಲ್ಕು ಮೆಟ್ಟಿಲು ಹತ್ತಿ ಹೋಗಿ ತೆರೆಯುತ್ತಾರೆ. ಊರುಗೋಲಿನ ಮೇಲೆ ಜೇಬೆಝ್ ಪಿಲಿಂಗ್ ನಿಂತಿದ್ದಾರೆ. ಕಂಕುಳಲ್ಲಿ ಟವೆಲ್ಲು. ಈಗ ನಲವತ್ತನಾಲ್ಕು, ಮೀನಂಗಡಿಯವರಿಗೆ ತಕ್ಕ ಹೊಟ್ಟೆ ಬಂದಿದೆ.

"ಇವ್ನ್ಯಾರು?" ನನ್ನನ್ನು ನೋಡಿ ಕೇಳುತ್ತಾರೆ.

"ಪೇಪರ್‌ನೋನು. ನನ್ ಬಗ್ಗೆ ಬರೀತಾನಂತೆ."

"ಅಯ್ಯೋ ಪಾಪ. ಊರಲ್ಲಿ ಬೇರೆ ಸುದ್ದಿ ಇಲ್ವಾ?"

ಈಜುಕೊಳ ಸಾರ್ವಜನಿಕರಿಗೆ ತೆರೆಯುವುದು ಏಳಕ್ಕೆ. ಎಂಟು ವರ್ಷದಿಂದ ಪ್ರತಿ ಗುರುವಾರ ಅದಕ್ಕೆ ಮೊದಲಿನ ಮುಕ್ಕಾಲು ಗಂಟೆ ಜೇಬೆಝ್ ಅವರದು. ಮೇಲ್ವಿಚಾರಕರಿಗೆ ಗೊತ್ತು, ಆ ಹೊತ್ತಿಗೆ ಅವರಿಗೆ ಎಲ್ಲೋ ಬೇರೆ ಕಡೆ ಕೆಲಸವಿರುತ್ತದೆ. ಆರಂಭಿಸಿದ್ದು ಅಬ್ನರ್. ಕತ್ತರಿಸಿದ ಕಾಲನ್ನು ಜನರೆದುರು ತೋರಿಸಲು ಜೇಬೆಝ್ ಒಪ್ಪಿರಲಿಲ್ಲ. ಯಾರೂ ಇಲ್ಲದಾಗ ಬಾ ಎಂದು ಇವರು ಒಂದು ವರ್ಷ ಪೀಡಿಸಿದರಂತೆ.

ಕೊಳಕ್ಕೆ ಇಳಿಯುವ ಕಲ್ಲಿನ ಮೆಟ್ಟಿಲು ಒದ್ದೆ, ಪಾಚಿ ಕಟ್ಟಿದ್ದು. ಅಬ್ನರ್ ಷರಾಯಿ ಮಡಚಿಕೊಂಡು ಮೊದಲು ನೀರಿಗಿಳಿಯುತ್ತಾರೆ, ಮೂರನೆಯ ಮೆಟ್ಟಿಲ ಮೇಲೆ ನಿಲ್ಲುತ್ತಾರೆ. ಜೇಬೆಝ್ ಊರುಗೋಲನ್ನು ಗೋಡೆಗಿಟ್ಟು, ಅವರ ಎಡಭುಜದ ಮೇಲೆ ಕೈ ಊರಿ, ಒಂಟಿಗಾಲಿನಲ್ಲಿ ಕುಪ್ಪಳಿಸುತ್ತಾ ಇಳಿಯುತ್ತಾರೆ. "ಅಲ್ಲಾಡ್ಬೇಡ್ವೋ ಮುದುಕಾ." "ಅಲ್ಲಾಡ್ತಿರೋದು ನಿನ್ ಹೊಟ್ಟೆ, ನಾನಲ್ಲ." ಆಮೇಲೆ ಜೇಬೆಝ್ ಕೈ ಬಿಡುತ್ತಾರೆ.

ನೀರಿನಲ್ಲಿ ಅವರಿಗೆ ಹೊಟ್ಟೆಯೂ ಇಲ್ಲ, ಊರುಗೋಲೂ ಇಲ್ಲ. ಗೋಡೆಯನ್ನು ಒಂದು ಕಾಲಿನಲ್ಲಿ ಒದ್ದರೆ ಅರ್ಧ ಕೊಳ ದಾಟುತ್ತಾರೆ. ಹಾವಿನಂತೆ ಸದ್ದಿಲ್ಲದೆ ಹೋಗಿ ಆ ತುದಿಯಲ್ಲಿ ಥಟ್ಟನೆ ಹೊರಳುತ್ತಾರೆ. ಹದಿನೇಳರ ವಯಸ್ಸಿನಲ್ಲಿ ನಾನು ಆ ಹೊರಳುವಿಕೆಯನ್ನು ಮೈದಾನದಲ್ಲಿ ನೋಡಿದ್ದೆ. ಅಬ್ನರ್ ದಡದಲ್ಲಿ ಕುಂಟುತ್ತಾ ಅವರ ಜೊತೆಗೇ ನಡೆಯುತ್ತಾರೆ, ಈ ತುದಿಯಿಂದ ಆ ತುದಿಗೆ, ಮತ್ತೆ ಈ ತುದಿಗೆ. ಪ್ರತಿ ಸಲವೂ ಹಿಂದೆ ಬೀಳುತ್ತಾರೆ.

ನಾನು ಕೊನೆಯ ಪ್ರಶ್ನೆ ಕೇಳುತ್ತೇನೆ: ಇಷ್ಟೆಲ್ಲ ಆದಮೇಲೆ ನಿಮಗೇನು ಬೇಕು? ಕ್ಲಬ್ಬಿನ ಗೋಡೆಯ ಮೇಲೆ ಪಟ ಹಾಕಬೇಕೆಂದು ನಾನು ಬರೆಯಬಲ್ಲೆ.

"ಪಟ ಯಾರಿಗ್ ಬೇಕು ಮಾರಾಯ." ಅವರು ಕಲ್ಲಿನ ಮೆಟ್ಟಿಲಿನತ್ತ ಕೈ ತೋರಿಸುತ್ತಾರೆ. "ಬರೆಯೋದಾದ್ರೆ ಇದನ್ನ ಬರಿ. ಆ ಗೋಡೆಗೆ ಒಂದು ಕಬ್ಬಿಣದ ಹಿಡಿಕೆ ಹಾಕ್ಸಿ ಅಂತ ಪುರಸಭೆಗೆ ಮೂರ್ ಸಲ ಅರ್ಜಿ ಕೊಟ್ಟೆ. 'ಸಾರ್ವಜನಿಕರಿಂದ ಬೇಡಿಕೆ ಇಲ್ಲ' ಅಂತ ಬರೆದ್ರು. ಎರಡು ಗಜದ ಕಂಬಿ ಸಾಕು. ನಾನೇ ಹಾಕ್ತಿದ್ದೆ, ಆದ್ರೆ ಕಲ್ಲು ಕೊರೆಯಕ್ಕೆ ಒಪ್ಪಿಗೆ ಬೇಕಂತೆ."

ನೀರಿನಿಂದ ಜೇಬೆಝ್ ಕೂಗುತ್ತಾರೆ. "ಏಯ್, ಬಾರೋ! ಚಳಿ ಆಗ್ತಿದೆ!"

ಅಬ್ನರ್ ಮತ್ತೆ ಷರಾಯಿ ಮಡಚಿಕೊಳ್ಳುತ್ತಾರೆ. "ಈಗೇನೋ ನನ್ ಭುಜ ಇದೆ," ಎನ್ನುತ್ತಾರೆ ತಗ್ಗಿದ ದನಿಯಲ್ಲಿ, ಜೇಬೆಝ್ ಅವರಿಗೆ ಕೇಳಿಸದಂತೆ. "ಅವ್ನು ನನಗಿಂತ ಐದ್ ವರ್ಷ ಚಿಕ್ಕೋನು."